ಮೂವತ್ತೊಂದನೇ ಪಾಠ

ಟೈಪ್ ಮೇಡಂ ಅವರಿಗೆ ಈಗ ಐವತ್ತೊಂಬತ್ತು ವರ್ಷ. ಇವತ್ತಿನವರೆಗೆ ಒಂದೇ ಒಂದು ಕಂಪ್ಯೂಟರ್ ಆಟವನ್ನೂ ಅವರು ಕೊನೆಮುಟ್ಟಿಸಿದವರಲ್ಲ. ಹಾಗಿದ್ದೂ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆ ಗೇಮ್ ಸೆಂಟರಿನಲ್ಲಿ, ಯಾವ ಆಟಕ್ಕೆ ಯಾವ ಕೀಲಿ ಎಂದು ಕೇಳಿದರೆ ಅವರು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಕಣ್ಣು ಮುಚ್ಚಿಕೊಂಡು ಎನ್ನುವುದು ಸುಮ್ಮನೆ ಹೇಳುವ ಮಾತಲ್ಲ. ಕೀಲಿಗಳ ವಿಷಯ ಬಂದಾಗ ಅವರು ನಿಜವಾಗಿಯೂ ಕಣ್ಣು ಮುಚ್ಚುತ್ತಾರೆ, ಬೆರಳುಗಳು ಮಡಿಲ ಮೇಲೆ ಅಲ್ಲಾಡುತ್ತವೆ, ಆಮೇಲೆ ಉತ್ತರ ಬರುತ್ತದೆ.

ಅದೇ ಕೋಣೆಯಲ್ಲಿ ಮೊದಲು ಹನ್ನೆರಡು ಟೈಪ್‌ರೈಟರುಗಳಿದ್ದವು. ಕೋಣೆ ಅವರ ಅಣ್ಣನದು, ಯಂತ್ರಗಳೂ ಅಣ್ಣನವು, ಪಾಠ ಮಾತ್ರ ಇವರದು. ಹಳ್ಳಿಯಿಂದ ದಿನಾ ಮೊದಲ ಬಸ್ಸು ಹಿಡಿದು ಬಂದು ಟೈಪಿಂಗ್ ಕಲಿತ ಹುಡುಗಿ, ಮೂರನೇ ವರ್ಷದಲ್ಲಿ ಅಲ್ಲೇ ಕಲಿಸಲು ನಿಂತಳು. ಇಪ್ಪತ್ತೆಂಟು ವರ್ಷ ನಿಂತಳು. ಎಷ್ಟು ಜನ ಗುಮಾಸ್ತರು, ಎಷ್ಟು ಜನ ಕೋರ್ಟಿನ ಟೈಪಿಸ್ಟರು ಆ ಕೈ ಕೆಳಗೆ ಹಾದುಹೋದರೋ ಅವರಿಗೇ ನೆನಪಿಲ್ಲ. ಎಲ್ಲರ ಕೈ ಮೇಲೂ ಒಂದು ಬಟ್ಟೆ ಮುಚ್ಚುತ್ತಿದ್ದರು, ಕೀಲಿ ನೋಡಬಾರದೆಂದು. ಪುಟದಲ್ಲಿ ಒಂದು ತಪ್ಪಾದರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಕೆಳಗೆ ಅಂಕಿ ಬರೆದು ಸಹಿ ಮಾಡುತ್ತಿದ್ದರು. ಅತ್ತು ಕರೆದರೂ ಆ ಅಂಕಿ ಬದಲಾಗುತ್ತಿರಲಿಲ್ಲ.

ಟೈಪ್‌ರೈಟರಿನ ಕಾಲ ಮುಗಿಯಿತು. ಅಣ್ಣನಿಗೂ ವಯಸ್ಸಾಯಿತು. ಕೋಣೆ ಅಣ್ಣನ ಮಗಳ ಕೈಗೆ ಬಂತು. ಅವಳು ಚುರುಕು, ಹಳೆಯ ಮೇಜುಗಳನ್ನೇ ಉಳಿಸಿಕೊಂಡು ಎಂಟು ಕಂಪ್ಯೂಟರು ತಂದಿಟ್ಟು ಗೇಮ್ ಸೆಂಟರ್ ತೆರೆದಳು. ಮೇಡಂಗೆ ಕೌಂಟರಿನಲ್ಲಿ ಕೂರುವ ಕೆಲಸ.

ಮೊದಲ ದಿನವೇ ಅವರು ಮೂಗು ಮುರಿದಿದ್ದರು. "ಇದೇನೇ ಇದು, ಡಬ್ಲ್ಯು ಎ ಎಸ್ ಡಿ ಮೇಲೆ ಕೈ ಇಟ್ಕೊಂಡು ಕೂತಿದ್ದಾರಲ್ಲ ಎಲ್ಲಾರೂ! ಉಂಗುರದ ಬೆರಳು ಎ ಮೇಲೆ. ಕಿರುಬೆರಳಿಗೆ ಕೆಲಸಾನೇ ಇಲ್ಲ. ನಾನು ಇಪ್ಪತ್ತೆಂಟು ವರ್ಷ ಯಾರಿಗೆ ಪಾಠ ಹೇಳಿದ್ದು?"

"ಅತ್ತೆ, ಅವ್ರು ಟೈಪ್ ಮಾಡ್ತಿಲ್ಲ, ಆಟ ಆಡ್ತಿದ್ದಾರೆ."

"ಆಡ್ಲಿ. ಕೈ ಸರಿ ಇಟ್ಕೊಂಡು ಆಡ್ಲಿ."

ಅವರನ್ನು ಕೌಂಟರಿನಿಂದ ಎಬ್ಬಿಸಿ ಯಂತ್ರದ ಮುಂದೆ ಕೂರಿಸಿದ್ದು ಒಂದು ಪ್ರಶ್ನೆ. ಕೆಲವು ಹಳೆಯ ಆಟಗಳಿಗೆ ಗೇಮ್‌ಪ್ಯಾಡ್ ಎಂದರೇನೆಂದೇ ಗೊತ್ತಿಲ್ಲ, ಅವಕ್ಕೆ ಕೀಲಿಮಣೆಯೊಂದೇ ಗೊತ್ತು. ಬರುವವರಿಗೋ ಎರಡು ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಆ ಪ್ಯಾಡೇ ಬೇಕು. ಅದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಪ್ಯಾಡಿನ ಗುಂಡಿ ಒತ್ತಿದರೆ ಅದು ನಡುವೆ ನಿಂತು, ಇಂಥ ಕೀಲಿ ಒತ್ತಿದರು ಎಂದು ಆಟಕ್ಕೆ ಹೇಳುತ್ತದೆ. ಭಾಷೆ ಬಾರದ ಇಬ್ಬರ ನಡುವಿನ ದುಭಾಷಿಯ ಹಾಗೆ. ಯಾವ ಗುಂಡಿಗೆ ಯಾವ ಕೀಲಿ ಎಂದು ಅದಕ್ಕೆ ಆಟ ಆಟಕ್ಕೂ ಬರೆದು ಕೊಡಬೇಕು. ಆ ಕೆಲಸ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಯುವಕನದು. ಅವನನ್ನು ಎಲ್ಲರೂ ಕರೆಯುವುದು ಸಿಸ್ಟಂ ಎಂದೇ.

ಒಂದು ದಿನ ಸಿಸ್ಟಮ್ಮೂ ಅಣ್ಣನ ಮಗಳೂ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ವಿಮಾನ ಹಾರಿಸುವ ಆಟವೊಂದಕ್ಕೆ ಇಪ್ಪತ್ತೆರಡು ಕೀಲಿ ಬೇಕು, ಪ್ಯಾಡಿನಲ್ಲಿ ಅಷ್ಟು ಗುಂಡಿಗಳೇ ಇಲ್ಲ. ಚಹಾ ತಂದಿಟ್ಟ ಮೇಡಂ ಹಿಂದೆ ನಿಂತು ಕೇಳಿದರು: "ಶಿಫ್ಟ್ ಇಲ್ವಾ ಇದಕ್ಕೆ?"

"ಎಂಥ ಶಿಫ್ಟು ಮೇಡಂ?"

"ಟೈಪ್‌ರೈಟರಲ್ಲಿ ಒಂದೊಂದು ಕೀಲಿಗೆ ಎರಡೆರಡು ಅಕ್ಷರ ಇರ್ತಿತ್ತು ಕಣಪ್ಪ. ಶಿಫ್ಟ್ ಹಿಡಿದ್ರೆ ಮೇಲಿಂದು, ಬಿಟ್ರೆ ಕೆಳಗಿಂದು. ಈ ಪ್ಯಾಡಿನ ಹೆಗಲ ಮೇಲಿರೋ ಗುಂಡಿ ಹಿಡ್ಕೊಂಡಾಗ ಉಳಿದ ಗುಂಡಿಗಳೆಲ್ಲ ಬೇರೆ ಅಕ್ಷರ ಆಗೋ ಹಾಗೆ ಮಾಡೋಕಾಗಲ್ವಾ?"

ಆಗುತ್ತಿತ್ತು. ಸಾಫ್ಟ್‌ವೇರಿನ ಮೂರನೇ ಪುಟದಲ್ಲಿ ಅದಕ್ಕೊಂದು ಜಾಗವೇ ಇತ್ತು, ಸಿಸ್ಟಂ ಒಂದು ವರ್ಷದಿಂದ ಅದನ್ನು ದಾಟಿಕೊಂಡು ಹೋಗುತ್ತಿದ್ದ. ಮೇಡಂ ಎಡ ಹೆಗಲಿನ ಗುಂಡಿಯನ್ನೇ ಶಿಫ್ಟ್ ಕೀಲಿ ಮಾಡಿದರು. ಹತ್ತು ನಿಮಿಷದಲ್ಲಿ ವಿಮಾನ ಮೇಲೇರಿತು. ಮಾರನೇ ದಿನದಿಂದ ಆ ಕೆಲಸ ಅವರದಾಯಿತು.

ಅವರು ಅದನ್ನು ಮಾಡಿದ್ದು ತಮ್ಮದೇ ರೀತಿಯಲ್ಲಿ. ಒಂದು ಆಟದ ಗುಂಡಿ-ಕೀಲಿಗಳ ಪಟ್ಟಿಯನ್ನು ಸಿಸ್ಟಂ ಪ್ರೊಫೈಲ್ ಎನ್ನುತ್ತಿದ್ದ, ಇವರು ಪಾಠ ಎಂದರು. ವಿಮಾನದ್ದು ಮೊದಲನೇ ಪಾಠ. ಪ್ರತಿ ಪಾಠಕ್ಕೂ ಒಂದು ಹಾಳೆ. ಹಾಳೆಯ ಮೇಲೆ ಪ್ಯಾಡಿನ ಚಿತ್ರ, ಗುಂಡಿಯಿಂದ ಗೆರೆ ಎಳೆದು ಕೀಲಿಯ ಹೆಸರು, ಅದು ತಟ್ಟಿ ಬಿಡುವ ಗುಂಡಿಯೋ ಹಿಡಿದಿರುವ ಗುಂಡಿಯೋ ಎಂಬ ಗುರುತು, ಪ್ಯಾಡಿನ ಪುಟ್ಟ ಕಡ್ಡಿಯನ್ನು ಎಷ್ಟು ವಾಲಿಸಿದ ಮೇಲೆ ಕೀಲಿ ಬೀಳಬೇಕೆಂಬ ಅಳತೆ. ಎಲ್ಲಕ್ಕಿಂತ ಮುಖ್ಯ ಅವರ ಒಂದು ನೇಮ. ಆಟ ಯಾವುದೇ ಇರಲಿ, ಒಂದು ಕೆಲಸಕ್ಕೆ ಒಂದೇ ಬೆರಳು. ಮೇಲಕ್ಕೋ ಮುಂದಕ್ಕೋ ನೆಗೆಯುವುದೆಲ್ಲ ಬಲ ಹೆಬ್ಬೆರಳಿನ ಕೆಳಗಿನ ಗುಂಡಿ. ನಿಲ್ಲಿಸುವುದು, ತಡೆಯುವುದು ಎಡ ತೋರುಬೆರಳು. ಒಂದು ಆಟದಲ್ಲಿ ನೆಗೆಯಲು ಸ್ಪೇಸ್ ಕೀಲಿ ಇರಬಹುದು, ಇನ್ನೊಂದರಲ್ಲಿ ಝೆಡ್, ಮತ್ತೊಂದರಲ್ಲಿ ಎಂಟರ್. ಆ ತಲೆನೋವೆಲ್ಲ ಪಾಠದ ಒಳಗೇ ಮುಗಿಯಬೇಕು, ಆಡುವವನ ಹೆಬ್ಬೆರಳಿಗೆ ಅದರ ಸುಳಿವೂ ಸಿಗಬಾರದು.

ಸಿಸ್ಟಂ ನಕ್ಕಿದ್ದ. "ನೆಟ್ಟಲ್ಲಿ ಎಲ್ಲಾ ಆಟಕ್ಕೂ ರೆಡಿ ಪ್ರೊಫೈಲು ಸಿಗುತ್ತೆ ಮೇಡಂ. ಇಳಿಸ್ಕೊಂಡು ಹಾಕಿದ್ರಾಯ್ತು. ನೀವು ಸುಮ್ನೆ ಅಳತೆ ತಗೊಂಡು ಹೊಲೀತಾ ಕೂತಿದ್ದೀರಿ."

"ಒಬ್ಬೊಬ್ರು ಒಂದೊಂಥರ ಮಾಡಿರ್ತಾರೆ ಅದನ್ನ. ಇವತ್ತು ಹೆಬ್ಬೆರಳಲ್ಲಿ ಹಾರೋನು ನಾಳೆ ತೋರುಬೆರಳಲ್ಲಿ ಹಾರ್ಬೇಕಾ?"

ಮೇಡಂ ಪರವಾಗಿ ಮಾತಾಡಿದ್ದು ಮೂರನೇ ಕುರ್ಚಿಯ ಲಾರಿ ಡ್ರೈವರ್. ಸರಕು ಇಳಿಸುವವರೆಗೆ ಹೊತ್ತು ಕಳೆಯಲು ಬಂದು ಬಂದು, ಸೆಂಟರಿನ ಒಳ್ಳೆಯ ಆಟಗಾರನೇ ಆಗಿಬಿಟ್ಟಿದ್ದ ಮನುಷ್ಯ. "ಸರಿಯಾಗಿ ಹೇಳಿದ್ರಿ ಟೀಚರಮ್ಮ. ಯಾವ ಗಾಡಿ ಹತ್ತಿದ್ರೂ ಬ್ರೇಕು ಬ್ರೇಕಿನ ಜಾಗದಲ್ಲೇ ಇರ್ಬೇಕು. ಇಲ್ದಿದ್ರೆ ನಾನೂ ಇರಲ್ಲ, ಎದುರಿಗೆ ಬರೋನೂ ಇರಲ್ಲ."

ಹೀಗೆ ಮೂರು ವರ್ಷದಲ್ಲಿ ನಲವತ್ತಮೂರು ಪಾಠಗಳಾದವು. ಒಂದು ನೀಲಿ ಫೈಲು ತುಂಬಿತು. ಬಂದವರು ಒಂದು ಆಟ ಬಿಟ್ಟು ಇನ್ನೊಂದಕ್ಕೆ ಹೋದರೂ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದರು. ಯಾಕೆ ಸಲೀಸು ಎಂದು ಯೋಚಿಸುತ್ತಿರಲಿಲ್ಲ. ಮೇಡಂಗೆ ಅದರಲ್ಲೇ ಹೆಮ್ಮೆ.

ಫೈಲಿಗೆ ಕುತ್ತು ಬಂದದ್ದು ಪಂದ್ಯದಿಂದ. ಮೇಲ್ಸೇತುವೆ ಪಕ್ಕದ ಸೆಂಟರಿನವರು ಭಾನುವಾರ ಬೆಳಿಗ್ಗೆ ಇಲ್ಲಿಗೆ ಬಂದು ಆಡುವುದೆಂದು ಮಾತಾಯಿತು. ಅವರ ನಾಲ್ವರು, ಇವರ ನಾಲ್ವರು, ನಾಲ್ಕು ಆಟ. ಸಿಸ್ಟಂ ಆಗ ಮತ್ತೆ ಹಳೆಯ ರಾಗ ತೆಗೆದ. ಅವರ ಸೆಂಟರಿನಲ್ಲಿ ಎಲ್ಲ ನೆಟ್ಟಿನ ಪ್ರೊಫೈಲುಗಳೇ, ನಾವು ಮಾತ್ರ ಕಾಗದ ಇಟ್ಟುಕೊಂಡು ಕೂತಿದ್ದೇವೆ, ನಾಳೆ ಮೇಡಂ ಇಲ್ಲದ ದಿನ ಈ ಫೈಲನ್ನು ಓದುವವರು ಯಾರು? ಕೊನೆಯ ಮಾತು ಸುಳ್ಳಾಗಿರಲಿಲ್ಲ. ಅಣ್ಣನ ಮಗಳು ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಚಹಾ ಕುಡಿಯುವಾಗ ಹೇಳಿದಳು.

"ಅತ್ತೆ, ಬೇಜಾರು ಮಾಡ್ಕೋಬೇಡ. ಭಾನುವಾರ ನಿನ್ನ ಪಾಠಗಳಲ್ಲೇ ಆಡ್ಸೋಣ. ಒಂದು ಎಡವಟ್ಟೂ ಆಗಲಿಲ್ಲ ಅಂದ್ರೆ ಸಿಸ್ಟಂ ಬಾಯಿಗೆ ನಾನೇ ಬೀಗ ಹಾಕ್ತೀನಿ. ಏನಾದ್ರೂ ಆಯ್ತು ಅಂದ್ರೆ ಆ ಕೆಲಸ ಅವನಿಗೇ ಬಿಟ್ಬಿಡು. ನೀನು ಕೌಂಟರ್ ನೋಡ್ಕೋ."

ಮೇಡಂ ಲೋಟ ಕೆಳಗಿಟ್ಟರು. "ಒಂದೂ ಅಂದ್ರೆ ಒಂದೂ?"

"ಒಂದೂ."

"ಆಯ್ತು. ಪರೀಕ್ಷೆ ಅಂದ್ಮೇಲೆ ಹಾಗೇ ಇರ್ಬೇಕು."

ಹೊರಗೆ ಅಷ್ಟೇ ಹೇಳಿದರು. ಒಳಗೆ ಏನಾಯಿತೆಂಬುದು ಬೇರೆ. ಟೈಪ್‌ರೈಟರುಗಳನ್ನು ಹಳೇ ಕಬ್ಬಿಣದವನು ಹೊತ್ತೊಯ್ದ ದಿನ ಅವರಿಗೆ ಅನ್ನಿಸಿದ್ದು, ಇಷ್ಟು ವರ್ಷ ಕಲಿತದ್ದನ್ನೂ ಅವನು ಅದೇ ಗಾಡಿಯಲ್ಲಿ ಒಯ್ದನೆಂದು. ಆ ಕಲಿತದ್ದು ಮತ್ತೆ ಕೈಗೆ ಬಂದದ್ದು ಈ ನೀಲಿ ಫೈಲಿನಲ್ಲಿ. ಅದೂ ಹೋದರೆ ಕೌಂಟರಿನಲ್ಲಿ ಕೂತು ಬಂದವರಿಗೆ ಕುರ್ಚಿ ತೋರಿಸುವುದಷ್ಟೇ ಉಳಿಯುತ್ತದೆ.

ಇಲ್ಲಿಯವರೆಗೆ ಒಂದೊಂದು ಆಟ ಕೆಲವೇ ಯಂತ್ರಗಳಲ್ಲಿ ಇತ್ತು. ದೋಣಿ ಓಡಿಸುವ ಆಟ ಮೊದಲ ನಾಲ್ಕರಲ್ಲಿ, ಓಡುತ್ತಾ ಹಳ್ಳ ಹಾರುವ ಹಳೆಯ ಆಟ ಕೊನೆಯ ನಾಲ್ಕರಲ್ಲಿ, ಹೀಗೆ. ಶನಿವಾರ ಸಿಸ್ಟಂ ಎಲ್ಲ ಆಟಗಳನ್ನೂ ಎಂಟೂ ಯಂತ್ರಗಳಿಗೆ ಹಾಕಿದ. ಅವನ ಹಿಂದೆಯೇ ಮೇಡಂ ಎಲ್ಲ ಪಾಠಗಳನ್ನೂ ಎಂಟೂ ಯಂತ್ರಗಳಿಗೆ ಹಾಕಿದರು. ಆಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪರೀಕ್ಷೆಗೆ ಕೂತರು. ಫುಟ್‌ಬಾಲ್ ಎಂಟು ಯಂತ್ರಗಳಲ್ಲೂ ನೋಡಿದರು. ದೋಣಿ ನೋಡಿದರು. ಕುಸ್ತಿ ನೋಡಿದರು. ಸಂಜೆಯಾಗುತ್ತಾ ಬಂದಿತ್ತು, ಸೊಂಟ ಹಿಡಿದುಕೊಂಡಿತ್ತು. ಉಳಿದದ್ದು ಹಳ್ಳ ಹಾರುವ ಆಟ, ಮೂವತ್ತೊಂದನೇ ಪಾಠ. ಅದನ್ನು ಶುಕ್ರವಾರವಷ್ಟೇ ಆರನೇ ಯಂತ್ರದಲ್ಲಿ ನೋಡಿದ್ದರು. ಒಂದೂವರೆ ವರ್ಷದಿಂದ ಆ ಪಾಠದ ಮೇಲೆ ಒಂದು ದೂರು ಬಂದಿರಲಿಲ್ಲ. ಫೈಲಿನಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟವಾದ ಹಾಳೆಯೂ ಅದೇ. ಮೂವತ್ತೊಂದು ತಪ್ಪುವುದುಂಟೇ ಎಂದುಕೊಂಡು ಫೈಲು ಮುಚ್ಚಿದರು.

ಭಾನುವಾರ ಹತ್ತು ಗಂಟೆಗೆ ಕೋಣೆ ತುಂಬಿತು. ಮೇಲ್ಸೇತುವೆಯವರು ತಮ್ಮ ತಮ್ಮ ಪ್ಯಾಡುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಅವರ ಮುಂದಾಳು ಒಬ್ಬ ನರ್ಸಮ್ಮ. ಆಸ್ಪತ್ರೆಯ ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದಳು, ಸೂಜಿ ಹಿಡಿಯುವವರ ಹಾಗೆ ಪ್ಯಾಡನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು.

"ಸಿಸ್ಟರೇ, ಮೆಲ್ಲಗೆ ಆಡಿ, ನೋವಾಗ್ಬಾರ್ದು ನಮಗೆ," ಎಂದ ಲಾರಿ ಡ್ರೈವರ್.

"ನೋವಾಗೋದೆ ಗೊತ್ತಾಗಲ್ಲಣ್ಣ. ನನ್ನ ಕೈ ಬಗ್ಗೆ ಎಲ್ರೂ ಹಾಗೇ ಹೇಳೋದು," ಎಂದಳು ಅವಳು.

ಫುಟ್‌ಬಾಲ್ ಅವರಿಗೆ ಹೋಯಿತು. ದೋಣಿ ಇವರಿಗೆ ಬಂತು. ಕುಸ್ತಿಯಲ್ಲಿ ಸಮ ಸಮ. ನಡುನಡುವೆ ಮೇಲ್ಸೇತುವೆಯ ಆಟಗಾರನೊಬ್ಬ, "ಏನ್ ಗುರು, ಮೂರು ಆಟಕ್ಕೂ ಗುಂಡಿಗಳು ಅದೇ ಜಾಗದಲ್ಲೇ ಸಿಗ್ತಿವೆ!" ಎಂದು ಆಶ್ಚರ್ಯಪಟ್ಟ. ಕೌಂಟರಿನ ಹಿಂದೆ ನಿಂತ ಮೇಡಂ ಸೀರೆಯ ಸೆರಗು ಸರಿಮಾಡಿಕೊಂಡರು. ಅಷ್ಟರಲ್ಲಿ ನಾಲ್ಕನೇ ಆಟ ಬಂತು. ಆಡುವ ಮೊದಲು ಒಂದು ಸುತ್ತು ಅಭ್ಯಾಸ.

ಎಂಟೂ ಪರದೆಗಳಲ್ಲಿ ಆಟದ ಮನುಷ್ಯ ಬಂದು ನಿಂತ. ಎಂಟು ಜನ ಕಡ್ಡಿ ಬಲಕ್ಕೆ ವಾಲಿಸಿದರು. ಮನುಷ್ಯ ಅಲ್ಲಾಡಲಿಲ್ಲ. ಹೆಬ್ಬೆರಳು ಒತ್ತಿದರು. ಹಾರಲಿಲ್ಲ. ಎಂಟೂ ಪರದೆಗಳಲ್ಲಿ ಎಂಟು ಜನ ಮನುಷ್ಯರು ಹಳ್ಳದ ದಂಡೆಯ ಮೇಲೆ, ಬಸ್ಸಿಗೆ ಕಾದವರ ಹಾಗೆ ನಿಂತೇ ಇದ್ದರು.

ಯಾರೋ ಕಿಸಕ್ಕೆಂದರು. ಅಣ್ಣನ ಮಗಳು ಮೇಡಂ ಕಡೆ ನೋಡಲಿಲ್ಲ, ನೋಡದೇ ಇದ್ದದ್ದೇ ಹೆಚ್ಚು ಚುಚ್ಚಿತು.

"ಹೇಳಿರ್ಲಿಲ್ವಾ ನಾನು?" ಎಂದ ಸಿಸ್ಟಂ. "ಸಾಫ್ಟ್‌ವೇರ್ ಪೂರ್ತಿ ತೆಗೆದು ಹೊಸದಾಗಿ ಹಾಕ್ಬೇಕು. ಮುಕ್ಕಾಲು ಗಂಟೆ."

"ನನಗೆ ಹನ್ನೆರಡೂವರೆ ಬಸ್ಸಿದೆ," ಎಂದಳು ನರ್ಸಮ್ಮ. "ಹದಿನೈದು ನಿಮಿಷ ಕಾಯ್ತೀವಿ. ಆಗ್ಲಿಲ್ಲ ಅಂದ್ರೆ ಈ ಆಟ ನಮ್ದು ಅಂತ ಬರ್ಕೊಳ್ಳಿ."

ಮೇಡಂ ಕೌಂಟರಿನಿಂದ ಹೊರಗೆ ಬಂದರು. ಲಾರಿ ಡ್ರೈವರನ ಪಕ್ಕ ನಿಂತು, ಅವನ ಯಂತ್ರದಲ್ಲಿ ಆಟದಿಂದ ಒಂದು ಹೆಜ್ಜೆ ಹಿಂದಕ್ಕೆ, ಆಡುವವನ ಹೆಸರು ಬರೆಯುವ ಪರದೆಗೆ ಹೋದರು. ಅಲ್ಲಿ ಖಾಲಿ ಗೆರೆಯೊಂದು ಮಿನುಗುತ್ತಿತ್ತು. ಅದರ ಮೇಲೆ ಏನು ಒತ್ತಿದರೂ ಅಕ್ಷರವಾಗಿ ಕಾಣುತ್ತದೆ.

"ಕಣ್ಣು ಮುಚ್ಚು," ಎಂದರು.

"ಯಾಕ್ ಟೀಚರಮ್ಮ, ನಾನೇನು ಮಾಡ್ದೆ?"

"ಮುಚ್ಚಪ್ಪಾ. ಈಗ ಯಾವಾಗ್ಲೂ ಓಡೋ ಹಾಗೆ ಓಡು. ಮೂರು ಹೆಜ್ಜೆ, ಒಂದು ಹಾರು. ಎರಡು ಹೆಜ್ಜೆ, ಒಂದು ಹಾರು."

ಅವನ ಬೆರಳುಗಳು ಆಡಿದವು. ಗೆರೆಯ ಮೇಲೆ ಅಕ್ಷರಗಳು ಬಿದ್ದವು: ಡಿ ಡಿ ಡಿ ಝೆಡ್, ಡಿ ಡಿ ಝೆಡ್.

ಸುತ್ತ ನಿಂತವರಿಗೆ ಅದು ಬರೀ ಗೀಚು. ಮೇಡಂಗೆ ಅದು ಇಪ್ಪತ್ತೆಂಟು ವರ್ಷ ದಿನಕ್ಕೆ ನೂರು ಪುಟದಂತೆ ಓದಿದ ಬರಹ. ಮೂವತ್ತೊಂದನೇ ಪಾಠದಲ್ಲಿ ಬಲಕ್ಕೆ ಓಡಲು ಎಲ್ ಬರಬೇಕು, ಹಾರಲು ಸ್ಪೇಸ್. ಡಿ ಮತ್ತು ಝೆಡ್ ಒಟ್ಟಿಗೆ ಇರುವುದು ಒಂದೇ ಒಂದು ಹಾಳೆಯಲ್ಲಿ. ಡಿ ಒತ್ತಿದರೆ ದೋಣಿ ಬಲಕ್ಕೆ ತಿರುಗುತ್ತದೆ, ಝೆಡ್ ಒತ್ತಿದರೆ ಮುಂದಕ್ಕೆ ಚಿಮ್ಮುತ್ತದೆ.

"ಏನೂ ಕೆಟ್ಟಿಲ್ಲ," ಎಂದರು. "ಇದು ಒಂಬತ್ತನೇ ಪಾಠ ಓದ್ತಾ ಇದೆ. ನಿಮ್ಮ ಪ್ಯಾಡಿಗೆ ನೀವಿನ್ನೂ ದೋಣಿಯಲ್ಲೇ ಇದ್ದೀರಿ."

ಸಿಸ್ಟಂ ನಂಬದೆ ಬಾಗಿ ಸಾಫ್ಟ್‌ವೇರ್ ತೆರೆದು ನೋಡಿದ. ಒಂಬತ್ತೇ ಇತ್ತು. ಅವನ ಕಿವಿ ಕೆಂಪಾಯಿತು. ಆದರೆ ಅವನೂ ಕೆಲಸ ಬಲ್ಲವನು, ಮುಂದಿನ ಎಳೆ ಅವನೇ ಹಿಡಿದ. "ಆಟ ಶುರುವಾದಾಗ ಅದರ ಪ್ರೋಗ್ರಾಂ ಹೆಸರು ನೋಡಿ ತಾನೇ ಇದು ಪಾಠ ಆರಿಸೋದು? ದೋಣಿ ಪ್ರೋಗ್ರಾಂ ಹೆಸರು 'ಗೇಮ್'. ಇದರದ್ದು... ಅಯ್ಯೋ, ಇದರದ್ದೂ 'ಗೇಮ್'! ಒಂದೇ ಯಂತ್ರದಲ್ಲಿ ಎರಡೂ ಯಾವತ್ತೂ ಇರ್ಲಿಲ್ಲ. ನಿನ್ನೆ ಎರಡನ್ನೂ ಒಟ್ಟಿಗೆ ಹಾಕಿದ್ದು ನಾನು."

ಅವನು ತನ್ನ ಮೇಲೆ ಹಾಕಿಕೊಳ್ಳುವುದರಲ್ಲಿದ್ದ. ಮೇಡಂ ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು.

"ನೀನು ಹಾಕಿದ್ದು ಸರಿಯಾಗೇ ಹಾಕಿದ್ದೀಯ," ಎಂದರು ಅವರು, ಎಲ್ಲರಿಗೂ ಕೇಳುವಂತೆ. "ಹಾಕಿದ ಮೇಲೆ ಪರೀಕ್ಷೆ ಮಾಡ್ಬೇಕಾದವಳು ನಾನು. ಮೂರು ಆಟ ನೋಡಿದೆ. ನಾಲ್ಕನೇದು ನನ್ನ ಪಾಠ ತಪ್ಪಲ್ಲ ಅನ್ನೋ ಜಂಬದಲ್ಲಿ ಬಿಟ್ಟೆ. ತಪ್ಪು ನಂದು. ಈಗ ಹೇಳು, ಪ್ರೋಗ್ರಾಂ ಯಾವ ಫೋಲ್ಡರಲ್ಲಿದೆ ಅಂತಲೂ ನೋಡಿ ಪಾಠ ಆರಿಸು ಅನ್ನೋದಕ್ಕೆ ಒಂದು ಚೌಕ ಇದೆಯಲ್ಲ, ಅದಕ್ಕೆ ಟಿಕ್ ಹಾಕಿದ್ರೆ?"

"ಸಾಕು ಮೇಡಂ! ಅಷ್ಟೇ ಸಾಕು. ಆದ್ರೆ ಎರಡೆರಡು ಪಾಠ, ಎಂಟು ಯಂತ್ರ..."

"ಎಷ್ಟು ಹೊತ್ತಿದೆ?"

"ಒಂಬತ್ತು ನಿಮಿಷ," ಎಂದಳು ನರ್ಸಮ್ಮ ಕೈಗಡಿಯಾರ ನೋಡಿ.

"ನೀನು ಆ ತುದಿಯಿಂದ ಬಾ. ನಾನು ಈ ತುದಿಯಿಂದ ಬರ್ತೀನಿ."

ಸಿಸ್ಟಂ ಮೌಸ್ ಹಿಡಿದ. ಮೇಡಂ ಮೌಸನ್ನು ಪಕ್ಕಕ್ಕೆ ಸರಿಸಿ, ನಿಂತುಕೊಂಡೇ ಎರಡೂ ಕೈಗಳನ್ನು ಕೀಲಿಮಣೆಯ ಮೇಲೆ ಇಟ್ಟರು, ಎಡಗೈ ಎ ಎಸ್ ಡಿ ಎಫ್ ಮೇಲೆ, ಎಲ್ಲಿ ಇರಬೇಕೋ ಅಲ್ಲಿ. ಟ್ಯಾಬ್, ಟ್ಯಾಬ್, ಬಾಣ, ಎಂಟರ್, ಫೋಲ್ಡರಿನ ಹೆಸರು, ಟ್ಯಾಬ್, ಸ್ಪೇಸ್, ಎಂಟರ್. ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಮೊದಲ ಯಂತ್ರ ಮುಗಿಯಿತು. ಎರಡನೆಯದು. ಕೀಲಿಗಳ ಟಕಟಕ ಸದ್ದು ಕೋಣೆ ತುಂಬಿತು. ಅದೇ ಮೇಜುಗಳು ಹಿಂದೆ ಅದೇ ಸದ್ದು ಕೇಳಿದ್ದವು, ಹನ್ನೆರಡು ಪಟ್ಟು ಜೋರಾಗಿ. ಕುರ್ಚಿಗಳ ಮೇಲಿದ್ದವರು ತಾವಾಗಿಯೇ ಸರಿದು ಜಾಗ ಬಿಟ್ಟರು. ಸಿಸ್ಟಂ ಎಂಟು, ಏಳು ಮುಗಿಸಿ ಆರನೆಯದಕ್ಕೆ ಬಂದಾಗ, ಮೇಡಂ ಐದನೆಯದರ ಕೊನೆಯ ಎಂಟರ್ ಒತ್ತಿ ಕೈ ಕಟ್ಟಿ ನಿಂತಿದ್ದರು.

"ಹೂಂ, ಆ ಮೌಸು ಬೇಗ ಬೇಗ ಓಡ್ಸಪ್ಪ," ಎಂದ ಲಾರಿ ಡ್ರೈವರ್. "ಟೀಚರಮ್ಮ ಆಗ್ಲೇ ಊರು ತಲುಪಿದ್ರು."

ಈ ಸಲ ಎಂಟನ್ನೂ ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ಮೇಡಂ ಕೈ ಎತ್ತಿದರು. ಎರಡು ನಿಮಿಷ ಉಳಿದಿತ್ತು. ಎಂಟು ಜನ ಮನುಷ್ಯರು ಓಡಿದರು, ಹಾರಿದರು. ಕೊನೆಗೆ ಉಳಿದದ್ದು ಲಾರಿ ಡ್ರೈವರನೂ ನರ್ಸಮ್ಮನೂ. ಗೆದ್ದವಳು ನರ್ಸಮ್ಮ, ಎರಡೇ ಹಳ್ಳಗಳ ಅಂತರದಲ್ಲಿ. "ನಿಜವಾಗ್ಲೂ ಗೊತ್ತಾಗ್ಲಿಲ್ಲ ಸಿಸ್ಟರೇ," ಎಂದು ಅವನು ತೋಳು ಉಜ್ಜಿಕೊಂಡ. ಅವಳು ಮೆಟ್ಟಿಲಿಳಿಯುವ ಮೊದಲು ಕೌಂಟರಿನ ಹತ್ತಿರ ನಿಂತು, "ಮೇಡಂ, ನಮ್ಮ ಸೆಂಟರಲ್ಲಿ ಪ್ರತಿ ಆಟಕ್ಕೂ ಹೊಸದಾಗಿ ಕೈ ಪಳಗಿಸ್ಕೋಬೇಕು. ಇಲ್ಲಿ ಕೈ ತಾನಾಗೇ ಓಡ್ತು," ಎಂದು ಹೇಳಿ ಬಸ್ಸಿಗೆ ಓಡಿದಳು.

ಕೋಣೆ ಖಾಲಿಯಾದ ಮೇಲೆ ಮೇಡಂ ನೀಲಿ ಫೈಲು ತೆರೆದು, ಮೂವತ್ತೊಂದನೇ ಹಾಳೆ ತೆಗೆದು, ಕೆಂಪು ಶಾಯಿಯಲ್ಲಿ ಕೆಳಗೆ ಬರೆದರು: ತಪ್ಪು, ಒಂದು. ಸಹಿ ಹಾಕಿದರು. ಆಮೇಲೆ ಫೈಲು ಮುಚ್ಚಿ ಸಿಸ್ಟಂ ಮುಂದೆ ಇಟ್ಟರು.

"ಏನಿದು ಮೇಡಂ?"

"ಒಂದೂ ಎಡವಟ್ಟಾಗಬಾರ್ದು ಅಂತ ಮಾತಾಗಿತ್ತು. ಒಂದಾಯ್ತು. ತಗೋ."

ಸಿಸ್ಟಂ ಫೈಲು ತೆರೆದ. ಗೆರೆಗಳು, ಗುರುತುಗಳು, ನಲವತ್ತಮೂರು ಹಾಳೆ. ಮುಚ್ಚಿ ವಾಪಸು ತಳ್ಳಿದ. "ನನಗೆ ಬೇಡ. ಸ್ಕ್ರೀನ್ ಮೇಲೆ ಡಿ ಡಿ ಡಿ ಝೆಡ್ ಅಂತ ಬಂದಾಗ ನನಗೆ ಕಂಡದ್ದು ಸಾಫ್ಟ್‌ವೇರ್ ಕೆಟ್ಟಿದೆ ಅಂತ. ನಿಮಗೆ ಕಂಡದ್ದು ದೋಣಿ. ಅದು ಬರದೆ ಈ ಫೈಲು ತಗೊಂಡು ನಾನೇನ್ ಮಾಡ್ಲಿ?"

ಅಣ್ಣನ ಮಗಳು ಕಿಟಕಿ ಮುಚ್ಚುತ್ತಿದ್ದವಳು ತಿರುಗಿದಳು. "ಮಾತು ಕೊಟ್ಟೋಳು ನಾನು, ಹಿಂದಕ್ಕೆ ತಗೊಳ್ಳೋಳೂ ನಾನೇ. ಅತ್ತೆ, ಆ ಕೆಲಸ ನಿಂದೇ. ಆದ್ರೆ ಅವನು ಹೇಳಿದ್ದ ಒಂದು ಮಾತು ಸರಿ ಇದೆ. ನೀನು ಇಲ್ಲದ ದಿನ ಇದನ್ನ ಓದೋಕೆ ಇನ್ನೊಬ್ರಿಗೆ ಬರ್ಬೇಕು."

"ಬರ್ಬೇಕು ಅಂದ್ರೆ ಕಲೀಬೇಕು," ಎಂದರು ಮೇಡಂ. ಅವರ ಬೆನ್ನು ನೆಟ್ಟಗಾಯಿತು. "ಕಲಿಯೋನಿಗೆ ಬೆಳಿಗ್ಗೆ ಎಂಟಕ್ಕೆ ಕ್ಲಾಸು. ಒಂದು ನಿಮಿಷ ತಡ ಆದ್ರೂ ಬಾಗಿಲು ಹಾಕಿರುತ್ತೆ."

ಸೋಮವಾರ ಎಂಟಕ್ಕೆ ಐದು ನಿಮಿಷವಿದ್ದಾಗ ಸಿಸ್ಟಂ ಬಂದು ಕೂತಿದ್ದ. ಮೇಡಂ ಬೀರುವಿನ ತಳದಿಂದ ಹಳೆಯ ಬಟ್ಟೆಯೊಂದನ್ನು ತೆಗೆದು, ಕೊಡವಿ, ಅವನ ಕೈಗಳ ಮೇಲೆ ಮುಚ್ಚಿದರು.

"ಎ ಎಸ್ ಡಿ ಎಫ್. ಕಿರುಬೆರಳಿಂದ. ಕೆಳಗೆ ನೋಡ್ಬೇಡ."

"ನೋಡ್ತಿಲ್ಲ ಮೇಡಂ."

ಮೇಡಂ ಪರದೆಯ ಮೇಲಿನ ಸಾಲು ಓದಿದರು. ಕೆಂಪು ಶಾಯಿಯ ಪೆನ್ನಿನ ಮುಚ್ಚಳ ತೆಗೆದರು. "ನೋಡ್ತಿಲ್ಲ ಅಲ್ವಾ? ಹಾಗಾದ್ರೆ ಬಟ್ಟೆ ಅಂಚು ಯಾಕೆ ಮೇಲಕ್ಕೆದ್ದಿದೆ?"